ಸಕ್ಕರೆಯಿಂದ ಶ್ರೀಗಂಧದ ಪರಿಮಳ

ಶ್ರೀಗಂಧದ ಎಣ್ಣೆಯ ಪರಿಮಳಕ್ಕೆ ಮುಖ್ಯ ಕಾರಣವಾದ ಸ್ಯಾಂಟಲಾಲ್ ಎಂಬ ವಸ್ತುವನ್ನು ಗಂಧದ ಮರದ ಒಂದು ಚಕ್ಕೆಯೂ ಇಲ್ಲದೆ, ಸಕ್ಕರೆಯನ್ನು ಉಂಡು ಬೆಳೆಯುವ ಬ್ಯಾಕ್ಟೀರಿಯಾಗಳಿಂದ ಪಡೆಯುವ ವಿದ್ಯೆ ಇಂದು ಪ್ರಯೋಗಾಲಯವನ್ನು ದಾಟಿ ಮಾರುಕಟ್ಟೆಗೆ ಬಂದಿದೆ. ನೆದರ್ಲೆಂಡ್ಸ್ ದೇಶದ ಐಸೋಬಯೋನಿಕ್ಸ್ ಎಂಬ ಕಂಪನಿ ರೋಡೋಬ್ಯಾಕ್ಟರ್ ಸ್ಫೇರಾಯ್ಡಿಸ್ ಎಂಬ ಬ್ಯಾಕ್ಟೀರಿಯಾವನ್ನು ಬಳಸಿ ಮೊದಲು ಕಿತ್ತಳೆಯ ವಾಸನೆಯ ವ್ಯಾಲೆನ್ಸೀನ್ ಮತ್ತು ಚಕ್ಕೋತದ ಬಳಗಕ್ಕೆ ಸೇರಿದ ಗ್ರೇಪ್‌ಫ್ರೂಟ್ ಹಣ್ಣಿನ ವಾಸನೆಯ ನೂಟ್ಕಟೋನ್ ಎಂಬ ವಸ್ತುಗಳನ್ನು ತಯಾರಿಸಿತು. 2019ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಸಂಸ್ಥೆ ಅದನ್ನು ಕೊಂಡುಕೊಂಡ ಮರುವರ್ಷವೇ ಸ್ಯಾಂಟಲಾಲ್ ಕೂಡ ಆ ಪಟ್ಟಿಗೆ ಸೇರಿತು. ಜಗತ್ತಿನ ಅತ್ಯುತ್ತಮ ಗಂಧದೆಣ್ಣೆಗೆ ತನ್ನ ಊರಿನ ಹೆಸರನ್ನೇ ಕೊಟ್ಟಿರುವ ಮೈಸೂರಿನ ಸೀಮೆಗೆ ಈ ಬೆಳವಣಿಗೆ ದೂರದ ಸುದ್ದಿಯಲ್ಲ. ಆದ್ದರಿಂದ ಸಕ್ಕರೆ ಪರಿಮಳವಾಗುವ ಬಗೆ ಹೇಗೆ, ಅದರ ಮಿತಿಗಳು ಎಲ್ಲಿವೆ, ಮರವನ್ನು ನಂಬಿದವರಿಗೆ ಅದರಿಂದ ಆಗುವುದೇನು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗಿದೆ.

ಗಿಡಮರಗಳ ಪರಿಮಳಗಳಲ್ಲಿ ಬಹುಪಾಲು ಟರ್ಪೀನ್ ಎಂಬ ಒಂದೇ ಕುಲಕ್ಕೆ ಸೇರಿದವು. ಐದು ಇಂಗಾಲದ ಪರಮಾಣುಗಳಿರುವ ಒಂದು ಚಿಕ್ಕ ಘಟಕವನ್ನು ಸಸ್ಯವು ಒಂದರ ತುದಿಗೆ ಇನ್ನೊಂದನ್ನು ಜೋಡಿಸುತ್ತ ಹೋಗುತ್ತದೆ. ಅಂಥ ಎರಡು ಸೇರಿ ಹತ್ತು ಇಂಗಾಲಗಳಾದರೆ ನಿಂಬೆ-ಕಿತ್ತಳೆ ಸಿಪ್ಪೆಯ ಲಿಮೊನೀನ್, ಗುಲಾಬಿಯ ಜೆರಾನಿಯಾಲ್, ಅನೇಕ ಹೂಗಳಲ್ಲಿರುವ ಲಿನಲೂಲ್ ಮೊದಲಾದವು ದೊರೆಯುತ್ತವೆ, ಮೂರು ಸೇರಿ ಹದಿನೈದಾದರೆ ಶ್ರೀಗಂಧ, ಲಾವಂಚ, ಪಚೋಲಿಗಳ ಭಾರವಾದ, ಬೇಗ ಆರಿಹೋಗದ ಪರಿಮಳಗಳು ದೊರೆಯುತ್ತವೆ. ಸರಪಳಿಯಂತಿರುವ ಈ ಹದಿನೈದು ಇಂಗಾಲಗಳ ಅಣುವನ್ನು ಮಡಚಿ, ಸುತ್ತಿ, ಉಂಗುರಗಳನ್ನಾಗಿ ಕಟ್ಟುವ ಕೆಲಸವನ್ನು ಕಿಣ್ವಗಳು, ಅಂದರೆ ರಾಸಾಯನಿಕ ಕ್ರಿಯೆಗಳನ್ನು ನಡೆಸಿಕೊಡುವ ಪ್ರೋಟೀನ್‌ಗಳು ಮಾಡುತ್ತವೆ. ಯಾವ ಗಿಡದಲ್ಲಿ ಯಾವ ಕಿಣ್ವವಿದೆಯೋ ಆ ಗಿಡಕ್ಕೆ ಆ ಪರಿಮಳ; ಮೂಲ ಸಾಮಗ್ರಿಯಾದ ಐದು ಇಂಗಾಲಗಳ ಘಟಕ ಮಾತ್ರ ಎಲ್ಲ ಕಡೆಯೂ ಒಂದೇ.

ಈ ಮೂಲಘಟಕ ಗಿಡಗಳ ಸೊತ್ತಷ್ಟೇ ಅಲ್ಲ ಎಂಬುದರಲ್ಲಿಯೇ ಇಡೀ ವಿದ್ಯೆಯ ಸಾಧ್ಯತೆ ಅಡಗಿದೆ. ಮನುಷ್ಯನ ದೇಹದಲ್ಲಿ ಕೊಲೆಸ್ಟ್ರಾಲ್ ಹುಟ್ಟುವುದು ಇದರಿಂದಲೇ, ಬ್ಯಾಕ್ಟೀರಿಯಾಗಳು ತಮ್ಮ ಕೋಶಭಿತ್ತಿಯನ್ನು ಕಟ್ಟಲು ಮತ್ತು ಉಸಿರಾಟದ ಕ್ರಿಯೆಯನ್ನು ನಡೆಸಲು ಬೇಕಾದ ಕೆಲವು ಅಣುಗಳನ್ನು ಮಾಡಿಕೊಳ್ಳುವುದೂ ಇದರಿಂದಲೇ. ಪ್ರಾಣಿಗಳೂ ಯೀಸ್ಟ್‌ಗಳೂ ಅದನ್ನು ಮೆವಲೋನೇಟ್ ಎಂಬ ಮಧ್ಯವರ್ತಿ ವಸ್ತುವಿನ ಮೂಲಕ ತಯಾರಿಸಿದರೆ, ಹೆಚ್ಚಿನ ಬ್ಯಾಕ್ಟೀರಿಯಾಗಳು ಸಂಪೂರ್ಣ ಬೇರೆಯಾದ ಇನ್ನೊಂದು ದಾರಿಯನ್ನು ಹಿಡಿಯುತ್ತವೆ. ಈ ಎರಡನೆಯ ದಾರಿಯನ್ನು ಫ್ರಾನ್ಸಿನ ಮಿಶೆಲ್ ರೋಮರ್ ಮತ್ತಿತರ ವಿಜ್ಞಾನಿಗಳು 1990ರ ದಶಕದಲ್ಲಿ ಬಿಡಿಸಿ ತೋರಿಸಿದರು. ಗಿಡಗಳಲ್ಲಿ ಎರಡೂ ದಾರಿಗಳು ಇವೆ. ಹೀಗಿರುವಾಗ, ಬ್ಯಾಕ್ಟೀರಿಯಾದಲ್ಲಿ ಆಗಲೇ ಇರುವ ಮೂಲಘಟಕದ ಪ್ರಮಾಣವನ್ನು ಹೆಚ್ಚಿಸಿ, ಅದನ್ನು ಪರಿಮಳವಾಗಿ ಮಾರ್ಪಡಿಸುವ ಸಸ್ಯದ ಕಿಣ್ವವನ್ನು ಹೊರಗಿನಿಂದ ತಂದು ಸೇರಿಸಿದರೆ ಸಾಕಾಗಬೇಕು ಎಂಬ ಯೋಚನೆ ಸಹಜವಾಗಿಯೇ ಹುಟ್ಟುತ್ತದೆ. ಯೋಚನೆ ಸರಳ, ಅದು ನಡೆಯುವಂತಾಗಲು ಹಿಡಿದ ಶ್ರಮ ಮಾತ್ರ ಅಪಾರ.

ಶ್ರೀಗಂಧದ ವಿಷಯದಲ್ಲಿ ಮೊದಲ ತೊಡಕು ಮರದ ಸ್ವಭಾವದಿಂದಲೇ ಬಂದಿತು. ಗಂಧದ ಮರ ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಊರಿ ನೀರು ಮತ್ತು ಪೋಷಕಾಂಶಗಳನ್ನು ಹೀರಿಕೊಳ್ಳುವ ಅರೆ ಪರಾವಲಂಬಿ. ಹಸಿರೆಲೆಗಳಿದ್ದು ತನ್ನ ಆಹಾರವನ್ನು ತಾನು ತಯಾರಿಸಿಕೊಳ್ಳಬಲ್ಲದಾದರೂ ಜೊತೆಗಿಡವಿಲ್ಲದೆ ಚೆನ್ನಾಗಿ ಬಾಳುವುದಿಲ್ಲ. ಅದರ ಹೊರಮರಕ್ಕೆ ಪರಿಮಳವಿಲ್ಲ. ಎಣ್ಣೆ ಇರುವುದು ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ, ಆದ್ದರಿಂದಲೇ ಗಂಧದ ಮರವನ್ನು ಕಡಿಯದೆ ಬುಡಸಮೇತ ಅಗೆದು ತೆಗೆಯುವ ರೂಢಿ ಬಂದಿದೆ. ಚೇಗು ಕಟ್ಟಲು ತೊಡಗುವುದಕ್ಕೇ ಹತ್ತು ವರ್ಷಗಳ ಮೇಲಾಗುತ್ತದೆ, ಅದು ಬಲಿತು ಒಳ್ಳೆಯ ಎಣ್ಣೆ ಕೊಡುವುದಕ್ಕೆ ಇನ್ನೂ ಒಂದೆರಡು ದಶಕಗಳು ಬೇಕು. ಎಣ್ಣೆಯನ್ನು ತಯಾರಿಸುವ ವಂಶವಾಹಿಗಳು ಕೆಲಸಮಾಡುವುದು ಹೊರಮರ ಚೇಗಾಗಿ ಮಾರ್ಪಡುತ್ತಿರುವ ತೆಳ್ಳನೆಯ ಪಟ್ಟಿಯಲ್ಲಿ. ಅವುಗಳನ್ನು ಹುಡುಕಬೇಕಾದರೆ ಗಟ್ಟಿಮರದ ಒಳಗಿನಿಂದ, ಹಾಳಾಗದ ಸ್ಥಿತಿಯಲ್ಲಿ, ಜೀವಂತ ಕೋಶಗಳ ಆರ್‌ಎನ್‌ಎಯನ್ನು ಹೊರತೆಗೆಯಬೇಕಾಗುತ್ತದೆ. ಹೂವಿನ ಎಸಳನ್ನೋ ತುಳಸಿಯ ಎಲೆಯನ್ನೋ ಅರೆದು ತೆಗೆಯುವಷ್ಟು ಸುಲಭದ ಕೆಲಸ ಅದಲ್ಲ.

ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯ ಮತ್ತು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಕೂಡಿ 2011ರಲ್ಲಿ ಮೊದಲ ಕಿಣ್ವವನ್ನು ಗುರುತಿಸಿದರು. ಸ್ಯಾಂಟಲೀನ್ ಸಿಂಥೇಸ್ ಎಂಬ ಈ ಕಿಣ್ವ ಹದಿನೈದು ಇಂಗಾಲಗಳ ಸರಪಳಿಯನ್ನು ಹಿಡಿದು ಒಂದಲ್ಲ, ನಾಲ್ಕು ಬಗೆಯ ಅಣುಗಳನ್ನಾಗಿ ಮಡಚುತ್ತದೆ: ಆಲ್ಫಾ ಸ್ಯಾಂಟಲೀನ್, ಬೀಟಾ ಸ್ಯಾಂಟಲೀನ್, ಬೀಟಾದ ಸೋದರರೂಪವೊಂದು ಮತ್ತು ಬರ್ಗಮೊಟೀನ್. ಒಂದೇ ಕಿಣ್ವ ನಾಲ್ಕನ್ನೂ ಹೆಚ್ಚುಕಡಿಮೆ ನಿಶ್ಚಿತವಾದ ಪ್ರಮಾಣದಲ್ಲಿ ಕೊಡುವುದರಿಂದ, ಬೇರೆ ಬೇರೆ ಮರಗಳಲ್ಲಿ ಎಣ್ಣೆಯ ಅಂಶ ಹೆಚ್ಚುಕಡಿಮೆಯಾದರೂ ಅದರೊಳಗಿನ ಈ ವಸ್ತುಗಳ ಪರಸ್ಪರ ಪ್ರಮಾಣ ಅಷ್ಟಾಗಿ ಬದಲಾಗದು ಎಂಬ ಹಳೆಯ ಅನುಭವಕ್ಕೆ ಕಾರಣ ಸಿಕ್ಕಂತಾಯಿತು. ಮರದೊಳಗಿನ ಒಂದು ಸಣ್ಣ ಪ್ರೋಟೀನು ಎಣ್ಣೆಯ ಹದವನ್ನೇ ನಿರ್ಧರಿಸುತ್ತದೆ ಎಂಬುದು ಈ ಕಥೆಯಲ್ಲಿ ಎಲ್ಲಕ್ಕಿಂತ ಸೊಗಸಾದ ಸಂಗತಿ.

ಆದರೆ ಸ್ಯಾಂಟಲೀನ್ ಇನ್ನೂ ಗಂಧವಲ್ಲ. ಅದರ ಒಂದು ನಿಶ್ಚಿತ ಜಾಗಕ್ಕೆ ಆಮ್ಲಜನಕದ ಒಂದು ಪರಮಾಣು ಸೇರಿದಾಗ ಮಾತ್ರ ಸ್ಯಾಂಟಲಾಲ್ ಆಗುತ್ತದೆ, ಮತ್ತು ಆ ಸೇರ್ಪಡೆಯನ್ನು ಮಾಡುವುದು ಸೈಟೋಕ್ರೋಮ್ ಪಿ450 ಎಂಬ ದೊಡ್ಡ ಕಿಣ್ವಕುಲದ ಒಂದು ಸದಸ್ಯ. ಅದೇ ಕೆನಡಾದ ಗುಂಪು 2013ರಲ್ಲಿ ಈ ಕುಲದ ಕೆಲವು ಕಿಣ್ವಗಳನ್ನು ಹುಡುಕಿ ಯೀಸ್ಟಿನಲ್ಲಿ ಸೇರಿಸಿದಾಗ ಸ್ಯಾಂಟಲಾಲ್ ಬಂದಿತಾದರೂ ಅದರ ಎರಡು ರೂಪಗಳು ಬೆರೆತು ಬಂದವು. ಇಂಗಾಲಗಳ ನಡುವಿನ ಜೋಡಿಬಂಧದ ಯಾವ ಪಕ್ಕಕ್ಕೆ ಆಮ್ಲಜನಕವಿರುವ ತುದಿ ನಿಲ್ಲುತ್ತದೆ ಎಂಬುದರ ಮೇಲೆ ಈ ರೂಪಗಳನ್ನು ರಸಾಯನಶಾಸ್ತ್ರಜ್ಞರು ಝಡ್ ಮತ್ತು ಇ ಎಂದು ಕರೆಯುತ್ತಾರೆ. ಪರಮಾಣುಗಳ ಲೆಕ್ಕ ಎರಡರಲ್ಲಿಯೂ ಒಂದೇ, ನಿಲುವು ಮಾತ್ರ ಬೇರೆ; ಮೂಗು ಆ ವ್ಯತ್ಯಾಸವನ್ನು ಅರಿಯುತ್ತದೆ, ಮರದ ಎಣ್ಣೆಯಲ್ಲಿ ಬಹುಮಟ್ಟಿಗೆ ಇರುವುದು ಝಡ್ ರೂಪವೇ. ಚೇಗಿನಲ್ಲಿ ನಿಜವಾಗಿ ಈ ಕೆಲಸ ಮಾಡುವ, ಝಡ್ ರೂಪವನ್ನಷ್ಟೇ ಕೊಡುವ ಇನ್ನೊಂದು ಪಿ450 ಕಿಣ್ವ ಪತ್ತೆಯಾದುದು 2016ರಲ್ಲಿ. ಅಲ್ಲಿಗೆ ಸಕ್ಕರೆಯಿಂದ ಸ್ಯಾಂಟಲಾಲ್‌ವರೆಗಿನ ದಾರಿ ಕಾಗದದ ಮೇಲೆ ಪೂರ್ಣವಾಯಿತು.

ಸಸ್ಯದ ವಂಶವಾಹಿಯನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸುವುದೆಂದರೆ ಮರದಿಂದ ತುಣುಕೊಂದನ್ನು ಕತ್ತರಿಸಿ ಅಂಟಿಸುವುದಲ್ಲ. ಡಿಎನ್‌ಎಯ ಮೂರು ಮೂರು ಅಕ್ಷರಗಳ ಗುಂಪು ಪ್ರೋಟೀನಿನ ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುತ್ತದೆ, ಒಂದೇ ಆಮ್ಲಕ್ಕೆ ಹಲವು ಗುಂಪುಗಳು ಇರಬಹುದು, ಮತ್ತು ಯಾವುದನ್ನು ಹೆಚ್ಚು ಬಳಸಬೇಕೆಂಬುದರಲ್ಲಿ ಮರದ ರೂಢಿ ಬೇರೆ, ಬ್ಯಾಕ್ಟೀರಿಯಾದ ರೂಢಿ ಬೇರೆ. ಆದುದರಿಂದ ಪ್ರೋಟೀನು ಬದಲಾಗದಂತೆ, ಆದರೆ ಬ್ಯಾಕ್ಟೀರಿಯಾಕ್ಕೆ ಸುಲಭವಾಗಿ ಓದಲು ಬರುವಂತೆ, ಆ ವಂಶವಾಹಿಯನ್ನು ಕಂಪ್ಯೂಟರಿನಲ್ಲಿ ಮತ್ತೆ ಬರೆದು, ರಾಸಾಯನಿಕವಾಗಿ ಕಟ್ಟಿಸಿ, ಎಷ್ಟು ವೇಗವಾಗಿ ಅದು ಕೆಲಸಮಾಡಬೇಕೆಂಬುದನ್ನು ನಿರ್ಧರಿಸುವ ನಿಯಂತ್ರಕ ತುಣುಕುಗಳೊಡನೆ ಕೋಶದೊಳಕ್ಕೆ ಕಳಿಸಲಾಗುತ್ತದೆ. ಅಮೆರಿಕದ ಜೇ ಕೀಸ್ಲಿಂಗ್ ಅವರ ಗುಂಪು 2003ರಲ್ಲಿ ಯೀಸ್ಟಿನ ಮೆವಲೋನೇಟ್ ದಾರಿಯನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಕೂರಿಸಿ, ಮಲೇರಿಯಾದ ಔಷಧವಾದ ಆರ್ಟಿಮಿಸಿನಿನ್‌ನ ಪೂರ್ವರೂಪವೊಂದನ್ನು ತಯಾರಿಸಿತು. ಅದೂ ಹದಿನೈದು ಇಂಗಾಲಗಳ ಟರ್ಪೀನೇ ಆದ್ದರಿಂದ ಪರಿಮಳಗಳ ತಯಾರಿಕೆಗೆ ಅದೇ ಅಡಿಗಲ್ಲಾಯಿತು.

ಬ್ಯಾಕ್ಟೀರಿಯಾ ಈ ಹೊಸ ಹೊರೆಯನ್ನು ಸುಮ್ಮನೆ ಹೊರುವುದಿಲ್ಲ. ದಾರಿಯ ಒಂದು ಹಂತ ವೇಗವಾಗಿ ನಡೆದು ಮುಂದಿನದು ನಿಧಾನವಾದರೆ ನಡುವೆ ಸಂಗ್ರಹವಾಗುವ ವಸ್ತು ಕೋಶಕ್ಕೇ ವಿಷವಾಗುತ್ತದೆ. ಮೆವಲೋನೇಟ್ ದಾರಿಯಲ್ಲಿ ಎಚ್‌ಎಂಜಿ-ಕೋಎ ಎಂಬ ಮಧ್ಯವರ್ತಿ ಶೇಖರವಾಗಿ ಇ. ಕೋಲೈ ಬೆಳವಣಿಗೆ ನಿಂತುಹೋದುದು ಇದಕ್ಕೊಂದು ಪ್ರಸಿದ್ಧ ನಿದರ್ಶನ. ಆದುದರಿಂದ ಎಲ್ಲ ಕಿಣ್ವಗಳನ್ನೂ ಅತಿ ಹೆಚ್ಚು ಮಾಡುವುದಕ್ಕಿಂತ ಹಂತಹಂತಗಳ ನಡುವೆ ಸಮತೂಕ ತರುವುದೇ ನಿಜವಾದ ಕೌಶಲ. ಅಮೆರಿಕದ ಎಂಐಟಿಯ ಗುಂಪು 2010ರಲ್ಲಿ ಟ್ಯಾಕ್ಸಾಲ್ ಎಂಬ ಕ್ಯಾನ್ಸರ್ ಔಷಧದ ಪೂರ್ವರೂಪವನ್ನು ಇ. ಕೋಲೈನಲ್ಲಿ ಲೀಟರಿಗೆ ಸುಮಾರು ಒಂದು ಗ್ರಾಮಿನವರೆಗೆ ಏರಿಸಿದ್ದು ಇಂಥ ಸಮತೂಕದಿಂದಲೇ. ತಯಾರಾದ ಪರಿಮಳವೂ ಅಪಾಯಕಾರಿಯಾಗಬಹುದು, ಏಕೆಂದರೆ ಲಿಮೊನೀನ್‌ನಂಥ ಎಣ್ಣೆಯ ಅಣುಗಳು ಕೋಶದ ಪೊರೆಯಲ್ಲಿ ಸೇರಿಕೊಂಡು ಅದನ್ನು ಸಡಿಲಗೊಳಿಸುತ್ತವೆ. ಗಿಡಗಳು ಅವುಗಳನ್ನು ಪ್ರತ್ಯೇಕ ಗ್ರಂಥಿಗಳಲ್ಲಿ, ನಾಳಗಳಲ್ಲಿ ಇಟ್ಟುಕೊಳ್ಳುತ್ತವೆ, ಬ್ಯಾಕ್ಟೀರಿಯಾಕ್ಕೆ ಅಂಥ ಉಗ್ರಾಣವಿಲ್ಲ. ಇದಕ್ಕೆ ಎರಡು ಪರಿಹಾರಗಳು ಬಳಕೆಗೆ ಬಂದಿವೆ. ಒಂದು, ಅಣುಗಳನ್ನು ಹೊರಕ್ಕೆ ತಳ್ಳುವ ಪಂಪಿನಂಥ ಪ್ರೋಟೀನುಗಳನ್ನು ಕೋಶಕ್ಕೆ ಸೇರಿಸುವುದು. ಇನ್ನೊಂದು, ಬ್ಯಾಕ್ಟೀರಿಯಾ ಬೆಳೆಸುವ ತೊಟ್ಟಿಯಲ್ಲಿ ನೀರಿನ ಮೇಲೆ ತೇಲುವ ಎಣ್ಣೆಯ ಪದರವೊಂದನ್ನು ಹರಡಿ, ಹುಟ್ಟಿದ ಪರಿಮಳವೆಲ್ಲ ಅದರಲ್ಲಿ ಕರಗುತ್ತ ಹೋಗುವಂತೆ ಮಾಡುವುದು. ಎರಡನೆಯ ವಿಧಾನದಿಂದ ಪರಿಮಳ ಗಾಳಿಯಲ್ಲಿ ಹಾರಿಹೋಗುವುದೂ ತಪ್ಪುತ್ತದೆ.

ಪಿ450 ಕಿಣ್ವಗಳ ಕಷ್ಟ ಇನ್ನೊಂದು ಬಗೆಯದು. ಸಸ್ಯಕೋಶದಲ್ಲಿ ಅವು ಒಳಪೊರೆಗಳಿಗೆ ಅಂಟಿಕೊಂಡು, ಎಲೆಕ್ಟ್ರಾನ್‌ಗಳನ್ನು ಒದಗಿಸುವ ಜೊತೆಗಾರ ಪ್ರೋಟೀನಿನೊಡನೆ ಕೆಲಸಮಾಡುತ್ತವೆ. ಯೀಸ್ಟಿನಲ್ಲಿ ಅಂಥ ಒಳಪೊರೆಗಳಿವೆ, ಸಾಮಾನ್ಯ ಬ್ಯಾಕ್ಟೀರಿಯಾಗಳಲ್ಲಿ ಇಲ್ಲ. ಈ ಕಾರಣದಿಂದ ಆಮ್ಲಜನಕ ಸೇರಿಸಬೇಕಾದ ಪರಿಮಳಗಳಿಗೆ ಅನೇಕರು ಯೀಸ್ಟನ್ನೇ ಆರಿಸಿಕೊಳ್ಳುತ್ತಾರೆ. ರೋಡೋಬ್ಯಾಕ್ಟರ್ ಮಾತ್ರ ಬ್ಯಾಕ್ಟೀರಿಯಾಗಳಲ್ಲಿ ವಿಶೇಷವಾದುದು. ಬೆಳಕಿನಿಂದ ಶಕ್ತಿ ಪಡೆಯಬಲ್ಲ ಈ ನೇರಳೆ ಬಣ್ಣದ ಜೀವಿ ತನ್ನ ದೇಹದೊಳಗೆ ಪೊರೆಗಳ ಮಡಿಕೆಗಳನ್ನು ಬೆಳೆಸಿಕೊಳ್ಳುತ್ತದೆ, ಕ್ಯಾರಟ್ಟಿನ ಬಣ್ಣದ ಕುಲಕ್ಕೆ ಸೇರಿದ ವರ್ಣಕಗಳನ್ನು ಯಥೇಚ್ಛವಾಗಿ ತಯಾರಿಸುತ್ತದೆ. ಆ ವರ್ಣಕಗಳೂ ಐದು ಇಂಗಾಲಗಳ ಅದೇ ಘಟಕದಿಂದ ಕಟ್ಟಿದ ಟರ್ಪೀನುಗಳಾದ್ದರಿಂದ, ಬಣ್ಣಕ್ಕೆ ಹೋಗುತ್ತಿದ್ದ ಸಾಮಗ್ರಿಯನ್ನು ಪರಿಮಳದ ಕಡೆಗೆ ತಿರುಗಿಸುವ ಅವಕಾಶ ಅದರಲ್ಲಿ ಹುಟ್ಟಿನಿಂದಲೇ ಇದೆ.

ಸಕ್ಕರೆ ಎಷ್ಟು ಬೇಕು ಎಂಬ ಪ್ರಶ್ನೆಗೆ ಇಂಗಾಲದ ಲೆಕ್ಕವೇ ಉತ್ತರ ಹೇಳುತ್ತದೆ. ಮೆವಲೋನೇಟ್ ದಾರಿಯಲ್ಲಿ ಹದಿನೈದು ಇಂಗಾಲಗಳ ಒಂದು ಅಣುವಿಗೆ ಗ್ಲೂಕೋಸಿನ ನಾಲ್ಕೂವರೆ ಅಣುಗಳು, ಅಂದರೆ 27 ಇಂಗಾಲಗಳು ಬೇಕು. ಉಳಿದ 12 ಇಂಗಾಲಗಳು ಇಂಗಾಲದ ಡೈಆಕ್ಸೈಡಾಗಿ ಹೋಗುತ್ತವೆ. ತೂಕದಲ್ಲಿ ಹೇಳುವುದಾದರೆ 810 ಗ್ರಾಂ ಗ್ಲೂಕೋಸಿನಿಂದ ಹೆಚ್ಚೆಂದರೆ 204 ಗ್ರಾಂ ಸ್ಯಾಂಟಲೀನ್, ಸುಮಾರು ನಾಲ್ಕನೆಯ ಒಂದು ಪಾಲು ಮಾತ್ರ ದೊರೆತೀತು. ಇದು ಬ್ಯಾಕ್ಟೀರಿಯಾ ತನ್ನ ಮೈಬೆಳೆಸಲು ಏನನ್ನೂ ಬಳಸಿಕೊಳ್ಳದಿದ್ದರೆ ಸಿಗುವ ಗರಿಷ್ಠ ಮಿತಿ, ವಾಸ್ತವದಲ್ಲಿ ಸಿಗುವುದು ಅದಕ್ಕಿಂತ ಬಹಳ ಕಡಿಮೆ. ಬ್ಯಾಕ್ಟೀರಿಯಾಗಳ ಸ್ವಂತ ದಾರಿಯಲ್ಲಿ ಇಂಗಾಲದ ನಷ್ಟ ಕಡಿಮೆಯಾದರೂ ಅದನ್ನು ವೇಗಗೊಳಿಸುವುದು ಹೆಚ್ಚು ಕಷ್ಟ. ಜೊತೆಗೆ ತೊಟ್ಟಿಗಳನ್ನು ಕುದಿಸಿ ಶುದ್ಧಮಾಡಬೇಕು, ಗಾಳಿಯನ್ನು ಸತತವಾಗಿ ಊದಬೇಕು, ಹುಟ್ಟುವ ಶಾಖವನ್ನು ತಣಿಸಬೇಕು. ಇವೆಲ್ಲಕ್ಕೂ ವಿದ್ಯುತ್ತು ಬೇಕು. ಆದ್ದರಿಂದ ಈ ವಿದ್ಯೆ ಅಗ್ಗದ ಇಂಧನದಂಥ ವಸ್ತುಗಳಿಗಿಂತ, ಸ್ವಲ್ಪವೇ ಬೇಕಾಗಿ ಬೆಲೆ ಬಹಳವಾಗಿರುವ ಪರಿಮಳಗಳಿಗೆ ಹೆಚ್ಚು ಒಪ್ಪುತ್ತದೆ. ಕಬ್ಬು ವಿಪರೀತ ನೀರು ಕುಡಿಯುವ ಬೆಳೆ ಎಂಬುದು ಮಂಡ್ಯ, ಬೆಳಗಾವಿಯ ರೈತರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ, ಆದರೆ ಪರಿಮಳಕ್ಕೆ ಬೇಕಾಗುವ ಸಕ್ಕರೆ ಎಥನಾಲಿಗೆ ಹೋಗುವುದರ ಎದುರು ತೀರ ಅಲ್ಪ.

ಹೀಗೆ ಬಂದ ಸ್ಯಾಂಟಲಾಲ್ ನಿಜವಾದುದೇ ಎಂದು ಕೇಳುವವರಿಗೆ, ಮರದ ಸ್ಯಾಂಟಲಾಲಿಗೂ ಬ್ಯಾಕ್ಟೀರಿಯಾದ ಸ್ಯಾಂಟಲಾಲಿಗೂ ಅಣುವಿನ ರಚನೆಯಲ್ಲಿ ಯಾವ ಭೇದವೂ ಇಲ್ಲ ಎಂಬುದೇ ನೇರವಾದ ಉತ್ತರ. ಬಹುಕಾಲದಿಂದ ಸುಗಂಧೋದ್ಯಮ ಬಳಸುತ್ತ ಬಂದಿರುವ ಸ್ಯಾಂಡಲೋರ್, ಜಾವನಾಲ್ ಮುಂತಾದ ಕೃತಕ ವಸ್ತುಗಳ ಸಂಗತಿ ಹಾಗಲ್ಲ. ಅವು ಗಂಧವನ್ನು ನೆನಪಿಸುವ ಬೇರೆಯೇ ಅಣುಗಳು. ಪರಿಮಳದ ಈ ಹೊಸ ಮೂಲವನ್ನು ಪತ್ತೆಹಚ್ಚಬೇಕೆಂದರೆ ಇಂಗಾಲದ ಸಮಸ್ಥಾನಿಗಳನ್ನು, ಅಂದರೆ ಒಂದೇ ಧಾತುವಿನ ಭಿನ್ನ ತೂಕದ ಪರಮಾಣುಗಳನ್ನು ಅಳೆಯಬೇಕು. ಕಬ್ಬು ಮತ್ತು ಮೆಕ್ಕೆಜೋಳ ಗಾಳಿಯ ಇಂಗಾಲವನ್ನು ಹಿಡಿಯುವ ವಿಧಾನ ಗಂಧದ ಮರದ ವಿಧಾನಕ್ಕಿಂತ ಬೇರೆಯಾದ್ದರಿಂದ ಅವುಗಳ ಸಕ್ಕರೆಯಲ್ಲಿ ತುಸು ಭಾರವಾದ ಇಂಗಾಲ-13ರ ಪ್ರಮಾಣ ಹೆಚ್ಚಿರುತ್ತದೆ, ಆ ಗುರುತು ಪರಿಮಳದಲ್ಲಿಯೂ ಉಳಿಯುತ್ತದೆ. ಸಕ್ಕರೆ ಬೀಟ್‌ರೂಟಿನದೋ ಗೋಧಿಯದೋ ಆಗಿದ್ದರೆ ಈ ಭೇದ ಅಷ್ಟಾಗಿ ಕಾಣದು. ಯುರೋಪಿನ ಆಹಾರ ಕಾನೂನು ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಪಡೆದ ರುಚಿಕಾರಕವನ್ನೂ ನೈಸರ್ಗಿಕ ಎಂದೇ ಪರಿಗಣಿಸುತ್ತದೆ. ಕಾನೂನಿಗೆ ಅದು ಒಪ್ಪಿಗೆಯಾದರೂ, ಶೀಶೆಯ ಮೇಲೆ ಮರದ ಚಿತ್ರ ಹಾಕಿ ಒಳಗೆ ತೊಟ್ಟಿಯ ಪರಿಮಳ ತುಂಬಿದರೆ ಕೊಳ್ಳುವವರಿಗೆ ಅನ್ಯಾಯವಾಗುತ್ತದೆ. ಮೂಲವನ್ನು ಸ್ಪಷ್ಟವಾಗಿ ಬರೆಯುವುದರಿಂದ ಈ ವಿದ್ಯೆಯ ಮಾನಕ್ಕೇನೂ ಕುಂದಿಲ್ಲ.

ಅಣು ಒಂದೇ ಆದರೂ ಅಣುವೇ ಎಣ್ಣೆಯಲ್ಲ. ಗಂಧದೆಣ್ಣೆಯ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಅದರಲ್ಲಿ ಝಡ್ ಆಲ್ಫಾ ಸ್ಯಾಂಟಲಾಲ್ ಶೇಕಡಾ 41ರಿಂದ 55ರಷ್ಟು, ಝಡ್ ಬೀಟಾ ಸ್ಯಾಂಟಲಾಲ್ ಶೇಕಡಾ 16ರಿಂದ 24ರಷ್ಟು ಇರಬೇಕು. ಉಳಿದ ಪಾಲಿನಲ್ಲಿ ಹತ್ತಾರು ವಸ್ತುಗಳು ಅಲ್ಪಾಲ್ಪ ಪ್ರಮಾಣದಲ್ಲಿ ಸೇರಿ ಎಣ್ಣೆಯ ಗುಣವನ್ನು ತುಂಬಿಕೊಡುತ್ತವೆ. ಅವುಗಳೆಲ್ಲವನ್ನೂ ಬ್ಯಾಕ್ಟೀರಿಯಾ ಕೊಡುವುದಿಲ್ಲ. ಸಾಬೂನಿಗೆ, ಅಗರಬತ್ತಿಗೆ, ಸೌಂದರ್ಯಸಾಧನಗಳಿಗೆ ಸ್ಯಾಂಟಲಾಲ್ ಸಾಕಾದೀತು, ಆದರೆ ಅತ್ತರು ತಯಾರಿಸುವವರು ಬಯಸುವುದು ಇಡೀ ಎಣ್ಣೆಯನ್ನು. ಸಾಗರ, ಸೊರಬದ ಗುಡಿಗಾರರ ಉಳಿಗೂ ದೇವರ ಮುಂದಿನ ಸಾಣೆಕಲ್ಲಿಗೂ ಬೇಕಾದುದು ಮರವೇ ಹೊರತು ಎಣ್ಣೆಯಲ್ಲ.

ಮೈಸೂರು ಸೀಮೆಯ ಅನುಭವ ಇಲ್ಲಿ ನೆನೆಯಲು ಯೋಗ್ಯವಾಗಿದೆ. ಮೊದಲ ಮಹಾಯುದ್ಧದ ಮುಂಚೆ ಮೈಸೂರು ಸಂಸ್ಥಾನದ ಗಂಧದ ಮರ ಹೆಚ್ಚಾಗಿ ಕೊರಡುಗಳ ರೂಪದಲ್ಲಿಯೇ ಹೊರದೇಶಗಳಿಗೆ ಹೋಗಿ, ಅಲ್ಲಿ, ಮುಖ್ಯವಾಗಿ ಜರ್ಮನಿಯಲ್ಲಿ, ಎಣ್ಣೆಯಾಗುತ್ತಿತ್ತು. ಯುದ್ಧದಿಂದ ಆ ದಾರಿ ಮುಚ್ಚಿದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಣ್ಣೆ ಇಳಿಸುವ ಪ್ರಯೋಗಗಳು ನಡೆದು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರ ಹೊತ್ತಿಗೆ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಹುಟ್ಟಿತು. ಮೈಸೂರು ಸ್ಯಾಂಡಲ್ ಸಾಬೂನು ಅದರ ಬೆನ್ನಿಗೇ ಬಂದಿತು. ಕಚ್ಚಾವಸ್ತುವನ್ನು ಹೊರಗೆ ಕಳಿಸುವ ಬದಲು ತಯಾರಿಕೆಯ ವಿದ್ಯೆಯನ್ನು ಕೈವಶ ಮಾಡಿಕೊಂಡದ್ದರಿಂದ ಆ ಕಾರ್ಖಾನೆ ನೆಲೆಯೂರಿತು. ಮರ ಮಾತ್ರ ಕ್ಷೀಣಿಸುತ್ತ ಬಂದಿತು. 1899ರಲ್ಲಿ ಕೊಡಗಿನಲ್ಲಿ ಗೋಚರಿಸಿದ ಸ್ಪೈಕ್ ರೋಗ, ಕಳ್ಳಸಾಗಣೆ, ಮತ್ತು ಸ್ವಂತ ಜಮೀನಿನ ಗಂಧದ ಮರವೂ ಸರ್ಕಾರದ್ದೇ ಎಂಬ ಹಳೆಯ ನಿಯಮ, ಈ ಮೂರೂ ಸೇರಿ ಅದನ್ನು ಅಳಿವಿನಂಚಿಗೆ ತಳ್ಳಿದವು. ತನ್ನದಲ್ಲದ ಮರವನ್ನು ನೆಟ್ಟು ಕಾಯುವ ರೈತ ಎಲ್ಲಿದ್ದಾನು? ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ಬಂದ ತಿದ್ದುಪಡಿ ಬೆಳೆದವನಿಗೇ ಒಡೆತನ ಕೊಟ್ಟ ಮೇಲೆ ಬಯಲುಸೀಮೆಯಲ್ಲಿಯೂ ಗಂಧದ ತೋಟಗಳು ಎದ್ದಿವೆ.

ಈ ತೋಟಗಳ ಮರಗಳು ಬಲಿಯುತ್ತಿರುವ ಹೊತ್ತಿಗೇ ತೊಟ್ಟಿಯ ಸ್ಯಾಂಟಲಾಲ್ ಬಂದಿರುವುದರಿಂದ ಬೆಳೆಗಾರರ ಆತಂಕ ಅಕಾರಣವಲ್ಲ. ಕಾಡಿನ ಮರಕ್ಕೆ ಇದರಿಂದ ಒಳಿತಾಗಬಹುದು, ಏಕೆಂದರೆ ಸಾಮಾನ್ಯ ಬಳಕೆಯ ಬೇಡಿಕೆ ತೊಟ್ಟಿಯತ್ತ ತಿರುಗಿದಷ್ಟೂ ಕಳ್ಳಸಾಗಣೆಯ ಲಾಭ ತಗ್ಗುತ್ತದೆ. ತೋಟದ ಮರಕ್ಕೆ ಮಾತ್ರ ರಕ್ಷಣೆ ಬೇಕು, ಮತ್ತು ಆ ರಕ್ಷಣೆ ಇರುವುದು ಇಡೀ ಎಣ್ಣೆಯ ಗುಣಮಟ್ಟವನ್ನು ಪರೀಕ್ಷಿಸಿ, ಮೂಲವನ್ನು ದೃಢೀಕರಿಸಿ ಮಾರುವ ವ್ಯವಸ್ಥೆಯಲ್ಲಿ. ಇಂಗಾಲ-13ರ ಅಳತೆಯಂಥ ಪರೀಕ್ಷೆಗಳು ರೈತನ ಮಾರುಕಟ್ಟೆಯ ಹತ್ತಿರಕ್ಕೆ ಬಂದರೆ ಅದೇ ವಿಜ್ಞಾನ ಅವನ ಪರವಾಗಿಯೂ ನಿಲ್ಲುತ್ತದೆ.

ಇನ್ನೊಂದು ಪ್ರಶ್ನೆ ನ್ಯಾಯಕ್ಕೆ ಸಂಬಂಧಿಸಿದ್ದು. ಬ್ಯಾಕ್ಟೀರಿಯಾದೊಳಗೆ ಕೆಲಸಮಾಡುವ ಕಿಣ್ವದ ಬರಹ ಮೂಲತಃ ಮರದ್ದು. ಭಾರತದ 2002ರ ಜೀವವೈವಿಧ್ಯ ಕಾಯ್ದೆ ಮತ್ತು 2010ರ ನಗೋಯಾ ಒಪ್ಪಂದ ಜೈವಿಕ ಸಂಪತ್ತಿನಿಂದ ಬಂದ ಲಾಭದಲ್ಲಿ ಅದನ್ನು ಕಾಪಾಡಿದವರಿಗೂ ಪಾಲಿರಬೇಕು ಎನ್ನುತ್ತವೆ, ಆದರೆ ವಂಶವಾಹಿಯ ಅಕ್ಷರಸರಣಿ ಒಮ್ಮೆ ಸಾರ್ವಜನಿಕ ದತ್ತಾಂಶಕೋಶಕ್ಕೆ ಸೇರಿದ ಮೇಲೆ ಯಾವ ದೇಶದವರಾದರೂ ಮರದ ತುಣುಕನ್ನು ಮುಟ್ಟದೆಯೇ ಅದನ್ನು ಕಟ್ಟಿಸಿಕೊಳ್ಳಬಹುದು. ಈ ಬಿರುಕನ್ನು ಮುಚ್ಚಲು ಕೊಲಂಬಿಯಾದ ಕಾಲಿ ನಗರದಲ್ಲಿ 2024ರಲ್ಲಿ ನಡೆದ ಜೀವವೈವಿಧ್ಯ ಸಮ್ಮೇಳನ ಒಂದು ನಿಧಿಯನ್ನು ಒಪ್ಪಿಕೊಂಡಿತು. ಇಂಥ ಮಾಹಿತಿಯಿಂದ ಲಾಭ ಪಡೆಯುವ ದೊಡ್ಡ ಕಂಪನಿಗಳು ತಮ್ಮ ಲಾಭದ ಶೇಕಡಾ 1ನ್ನು ಅಥವಾ ವಹಿವಾಟಿನ ಶೇಕಡಾ 0.1ನ್ನು ಅದಕ್ಕೆ ಕೊಡಬೇಕೆಂದೂ, ಅದರ ಅರ್ಧದಷ್ಟಾದರೂ ಮೂಲನಿವಾಸಿಗಳಿಗೆ ಮತ್ತು ಸ್ಥಳೀಯ ಸಮುದಾಯಗಳಿಗೆ ಸಲ್ಲಬೇಕೆಂದೂ ಅದು ಸೂಚಿಸಿತು. ಸೌಂದರ್ಯಸಾಧನಗಳ ಉದ್ಯಮವೂ ಅದರ ವ್ಯಾಪ್ತಿಯಲ್ಲಿದೆ. ಸದ್ಯಕ್ಕೆ ಆ ಕೊಡುಗೆ ಐಚ್ಛಿಕ, ಕೊಡದವರನ್ನು ಒತ್ತಾಯಿಸುವ ಅಧಿಕಾರ ನಿಧಿಗಿಲ್ಲ. ಆ ಅಧಿಕಾರವನ್ನು ತಮ್ಮ ತಮ್ಮ ಕಾನೂನುಗಳ ಮೂಲಕ ಕೊಡಬೇಕಾದವರು ಸದಸ್ಯ ದೇಶಗಳು, ಮತ್ತು ಶ್ರೀಗಂಧದ ತವರಾದ ಭಾರತ ಆ ದೇಶಗಳಲ್ಲಿ ಒಂದು.